ಹಾವಿನ ವಿಷದಿಂದ ಔಷಧಿ: ಇಂಥ ಸುದ್ದಿ ಕಂಡಾಗ ಓದುವುದು ಹೇಗೆ

ನಾಗರಹಾವಿನ ವಿಷದಿಂದ ಕ್ಯಾನ್ಸರ್ ವಾಸಿ, ಆಫ್ರಿಕಾದ ಮಾಂಬಾ ಹಾವಿನ ವಿಷ ನೋವಿನ ಮದ್ದಾದ ಮಾರ್ಫಿನ್‌ಗಿಂತ ಮೇಲು, ಯಾವುದೋ ಮಂಡಲದ ಹಾವಿನ ವಿಷ ಕೊರೊನಾ ವೈರಸ್ಸನ್ನು ತಡೆಯಿತು. ಇಂಥ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಜೊತೆಗೆ ಹೆಡೆ ಎತ್ತಿದ ಹಾವಿನ ಫೋಟೊ, ಪಕ್ಕದಲ್ಲೊಂದು ಸಿರಿಂಜ್. ಓದಿದವರಲ್ಲಿ ಕೆಲವರು ಹಾಗೇ ನಂಬಿ ಹಂಚುತ್ತಾರೆ, ಇನ್ನು ಕೆಲವರು ಎಲ್ಲ ಬುರುಡೆ ಎಂದು ಮುಂದೆ ಹೋಗುತ್ತಾರೆ. ಎರಡೂ ಸರಿಯಲ್ಲ. ಹಾವಿನ ವಿಷವನ್ನು ಕೆದಕಿದ್ದರಿಂದ ಹುಟ್ಟಿದ ಬಿಪಿ ಮಾತ್ರೆಯ ಬಳಗವನ್ನು ಕೋಟ್ಯಂತರ ಜನ ದಿನಾ ನುಂಗುತ್ತಿದ್ದಾರೆ, ಅದು ನಿಜ. ಆ ಮಾತ್ರೆಯಲ್ಲಿ ಒಂದು ಕಣ ವಿಷವೂ ಇಲ್ಲ, ಅದೂ ನಿಜ. ಈ ಎರಡು ಮಾತಿನ ನಡುವೆ ಏನೇನು ನಡೆಯಿತು ಅಂತ ಗೊತ್ತಿದ್ದರೆ, ಇಂಥ ಯಾವ ಸುದ್ದಿಯನ್ನು ಬೇಕಾದರೂ ಕೂತಲ್ಲೇ ತೂಗಿ ನೋಡಬಹುದು.

ಕೇಳಬೇಕಾದ್ದು ನಾಲ್ಕೇ ಪ್ರಶ್ನೆ. ಯಾವ ಹಾವಿನ ಯಾವ ಪ್ರೋಟೀನು? ಅದು ದೇಹದಲ್ಲಿ ಯಾವುದನ್ನು ಹೋಗಿ ಹಿಡಿಯುತ್ತದೆ? ಪರೀಕ್ಷೆ ಮಾಡಿದ್ದು ಯಾರ ಮೇಲೆ? ಕೊನೆಗೆ ಸೀಸೆಯೊಳಗೋ ಮಾತ್ರೆಯೊಳಗೋ ಇರುವುದೇನು? ಸುದ್ದಿಯಲ್ಲಿ ಇವಕ್ಕೆ ಉತ್ತರ ಸಿಗದಿದ್ದರೆ ಅದನ್ನು ಹಂಚಬೇಡಿ, ಅಷ್ಟೇ.

ಯಾವ ಹಾವು, ಯಾವ ಪ್ರೋಟೀನು

ಹಾವಿನ ವಿಷ ಎಂಬ ಒಂದೇ ವಸ್ತು ಇಲ್ಲ. ಒಂದು ಹಾವಿನ ಒಂದು ಹನಿಯಲ್ಲಿ ಹತ್ತಾರು ಬಗೆಯ ಪ್ರೋಟೀನು ಮತ್ತು ಪೆಪ್ಟೈಡುಗಳಿರುತ್ತವೆ, ಕೆಲವು ಹಾವುಗಳಲ್ಲಿ ನೂರಕ್ಕೂ ಜಾಸ್ತಿ. ಪೆಪ್ಟೈಡ್ ಅಂದರೆ ಬೇರೇನೂ ಅಲ್ಲ, ಪುಟ್ಟ ಪ್ರೋಟೀನು. ಎರಡೂ ಅಮೈನೋ ಆಮ್ಲಗಳ ಸರವೇ, ಸರ ಚಿಕ್ಕದಿದ್ದರೆ ಪೆಪ್ಟೈಡ್ ಅನ್ನುತ್ತಾರೆ. 2020ರಲ್ಲಿ ನಾಗರಹಾವಿನ ಇಡೀ ಜೀನೋಮ್ ಪ್ರಕಟವಾಯಿತು. ಅದರಲ್ಲಿ ವಿಷಕ್ಕೆ ಸಂಬಂಧಪಟ್ಟ 139 ಜೀನ್‌ಗಳನ್ನು ಗುರುತಿಸಿದರು, ಅವುಗಳಲ್ಲಿ 19 ವಿಷಗ್ರಂಥಿಯಲ್ಲಿ ಮಾತ್ರ ಕೆಲಸ ಮಾಡುವಂಥವು. ಇಷ್ಟೆಲ್ಲ ಒಟ್ಟಿಗೆ ಇರುವ ದ್ರವವನ್ನು ಹಾಗೇ ತೆಗೆದುಕೊಂಡು ಔಷಧಿ ಎಂದು ಕೊಡಲು ಆಗುವುದಿಲ್ಲ. ಒಂದು ಪ್ರೋಟೀನು ರಕ್ತ ಹೆಪ್ಪುಗಟ್ಟಿಸುತ್ತಿರುತ್ತದೆ, ಪಕ್ಕದ್ದು ಹೆಪ್ಪುಗಟ್ಟದಂತೆ ಮಾಡುತ್ತಿರುತ್ತದೆ, ಮೂರನೆಯದು ಸ್ನಾಯುವನ್ನು ಕೊಳೆಸುತ್ತಿರುತ್ತದೆ. ಅದೂ ಸಾಲದು ಎಂಬಂತೆ ಒಂದೇ ಜಾತಿಯ ಹಾವಿನ ವಿಷ ಪ್ರದೇಶದಿಂದ ಪ್ರದೇಶಕ್ಕೆ, ಮರಿಯಿಂದ ದೊಡ್ಡ ಹಾವಿಗೆ ಬೇರೆಯಾಗುತ್ತದೆ.

ಸುದ್ದಿ ಓದುವಷ್ಟಕ್ಕೆ ಈ ಪ್ರೋಟೀನುಗಳ ಐದು ಕುಟುಂಬ ಗೊತ್ತಿದ್ದರೆ ಸಾಕು. ನಾಗರಹಾವು, ಕಟ್ಟುಹಾವು, ಮಾಂಬಾ ಇವುಗಳ ಗುಂಪಿನಲ್ಲಿ ತ್ರಿಬೆರಳು ವಿಷಗಳು ಜಾಸ್ತಿ. ಮಡಚಿದಾಗ ಮೂರು ಬೆರಳು ಚಾಚಿದಂತೆ ಕಾಣುವುದರಿಂದ ಆ ಹೆಸರು. ಸಾಮಾನ್ಯವಾಗಿ 60ರಿಂದ 74 ಅಮೈನೋ ಆಮ್ಲಗಳು, ಹೆಚ್ಚಿನವು ನರ ಮತ್ತು ಸ್ನಾಯು ಕೂಡುವ ಜಾಗಕ್ಕೆ ಹೊಡೆಯುತ್ತವೆ. ಫಾಸ್ಫೊಲೈಪೇಸ್ ಎ2 ಎಂಬ ಕಿಣ್ವ ಈ ಗುಂಪಿನಲ್ಲೂ ಇದೆ, ಮಂಡಲದ ಹಾವುಗಳ ಗುಂಪಿನಲ್ಲೂ ಇದೆ. ಅದು ಜೀವಕೋಶದ ಪೊರೆಯ ಕೊಬ್ಬನ್ನು ಕತ್ತರಿಸುತ್ತದೆ. ಕೊಳಕುಮಂಡಲ, ಗರಗಸ ಮಂಡಲ, ಬುಡುಬುಡಿಕೆ ಹಾವು ಇಂಥವುಗಳಲ್ಲಿ ಲೋಹದ ಪರಮಾಣು ಇಟ್ಟುಕೊಂಡು ಕತ್ತರಿಸುವ ಮೆಟಲೊಪ್ರೋಟಿಯೇಸ್‌ಗಳು ಮತ್ತು ಸೀರಿನ್ ಪ್ರೋಟಿಯೇಸ್‌ಗಳು ಜಾಸ್ತಿ. ರಕ್ತದ ಗಡಿಬಿಡಿಯೆಲ್ಲ ಹೆಚ್ಚಾಗಿ ಇವುಗಳದ್ದೇ. ಐದನೆಯದು ಡಿಸ್ಇಂಟಿಗ್ರಿನ್. ಇದು ಚಿಕ್ಕದು, ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದ ಹಾಗೆ ಮಾಡುತ್ತದೆ. ಔಷಧಿ ಕಂಪನಿಗಳಿಗೆ ಇದು ಅಚ್ಚುಮೆಚ್ಚು, ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಾಗಾಗಿ ಸುದ್ದಿಯಲ್ಲಿ ಸುಮ್ನೆ "ಹಾವಿನ ವಿಷ" ಅಂತಷ್ಟೇ ಇದ್ದರೆ ನಂಬುವ ಮೊದಲು ಅಣುವಿನ ಹೆಸರು ಹುಡುಕಿ. ಹೆಸರೇ ಇಲ್ಲದಿದ್ದರೆ ವರದಿಗಾರರಿಗೂ ಗೊತ್ತಿಲ್ಲ, ಅಥವಾ ಹಸಿ ವಿಷವನ್ನೇ ಕೋಶಗಳ ಮೇಲೆ ಸುರಿದು ನೋಡಿದ್ದಾರೆ ಎಂದರ್ಥ. ಹಸಿ ವಿಷದ ಪ್ರಯೋಗ ತೀರಾ ಮೊದಲ ಮೆಟ್ಟಿಲು. ಅಲ್ಲಿಂದ ಔಷಧಿಯ ಮಾತು ಆಡುವುದು ತುಂಬ ಬೇಗ.

ಇನ್ನೊಂದು ಸಣ್ಣ ಎಚ್ಚರ. ಹಾವಿನದ್ದಲ್ಲದ ಮದ್ದನ್ನೂ ಈ ಲೆಕ್ಕಕ್ಕೆ ಸೇರಿಸುವವರಿದ್ದಾರೆ. ಸಕ್ಕರೆ ಕಾಯಿಲೆಯ ಎಕ್ಸೆನಟೈಡ್ ಬಂದದ್ದು ಗಿಲಾ ಮಾನ್‌ಸ್ಟರ್ ಎಂಬ ಹಲ್ಲಿಯಿಂದ, ಅದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2005ರಲ್ಲಿ. ತೀವ್ರ ನೋವಿಗೆ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಕೊಡುವ ಜಿಕೊನೊಟೈಡ್ ಬಂದದ್ದು ಕಡಲ ಶಂಖದ ಹುಳುವಿನಿಂದ, 2004ರಲ್ಲಿ. ಎರಡೂ ಒಳ್ಳೆಯ ಕಥೆಗಳೇ, ಆದರೆ ಹಾವಿನ ಕಥೆಗಳಲ್ಲ.

ಅದು ಹಿಡಿಯುವುದು ಯಾವುದನ್ನು

ವಿಷದ ಪ್ರೋಟೀನಿನ ಬೆಲೆ ಇರುವುದು ಅದರ ಗುರಿಯಲ್ಲಿ. ಬೇಟೆ ತಪ್ಪಿಸಿಕೊಳ್ಳುವ ಮೊದಲೇ ಕೆಡವಬೇಕು, ಹಾಗಾಗಿ ದೇಹದ ಯಾವ ಗುಂಡಿ ಒತ್ತಿದರೆ ತಕ್ಷಣ ನಿಲ್ಲುತ್ತದೋ ಆ ಗುಂಡಿಯನ್ನೇ ಹಿಡಿಯುವ ಅಣುಗಳು ಕೋಟ್ಯಂತರ ವರ್ಷಗಳಲ್ಲಿ ಉಳಿದುಕೊಂಡವು. ರಕ್ತದೊತ್ತಡ, ರಕ್ತ ಹೆಪ್ಪುಗಟ್ಟುವುದು, ನರದಿಂದ ಸ್ನಾಯುವಿಗೆ ಹೋಗುವ ಸಂದೇಶ. ವೈದ್ಯರಿಗೆ ಬೇಕಾಗಿರುವುದೂ ಇವೇ, ಅಲ್ವಾ? ಜೊತೆಗೆ ಈ ಪ್ರೋಟೀನುಗಳಲ್ಲಿ ಬಹಳಷ್ಟು ತುಂಬ ಗಟ್ಟಿ. ಸರದ ಒಂದು ಜಾಗವನ್ನು ಇನ್ನೊಂದು ಜಾಗಕ್ಕೆ ಗಂಧಕದ ಪರಮಾಣುಗಳು ಹೊಲಿಗೆ ಹಾಕಿದ ಹಾಗೆ ಬಿಗಿದಿರುತ್ತವೆ. ತ್ರಿಬೆರಳು ವಿಷದಲ್ಲಿ ಇಂಥ ನಾಲ್ಕೋ ಐದೋ ಕಟ್ಟುಗಳಿರುತ್ತವೆ, ಅದಕ್ಕೇ ಅವು ಸುಲಭಕ್ಕೆ ಬಿಚ್ಚಿಕೊಳ್ಳುವುದಿಲ್ಲ.

ಗುರಿ ಎಷ್ಟು ನಿಖರವಾಗಿರಬಹುದು ಅನ್ನುವುದಕ್ಕೆ ಆಲ್ಫಾ-ಬಂಗರೊಟಾಕ್ಸಿನ್ ನೋಡಿ. ತೈವಾನಿನಲ್ಲಿ ಸಿಗುವ, ಹಲವು ಪಟ್ಟೆಗಳ ಕಟ್ಟುಹಾವಿನ ವಿಷದಿಂದ ಚಾಂಗ್ ಮತ್ತು ಲೀ ಎಂಬ ಇಬ್ಬರು 1963ರಲ್ಲಿ ಅದನ್ನು ಬೇರ್ಪಡಿಸಿದರು. ಇದರಲ್ಲಿ 74 ಅಮೈನೋ ಆಮ್ಲಗಳು. ಸ್ನಾಯುವಿನ ಮೇಲೆ ನರದ ಸಂದೇಶವನ್ನು ಪಡೆಯುವ ಪ್ರೋಟೀನಾದ ಅಸಿಟೈಲ್‌ಕೊಲೀನ್ ರಿಸೆಪ್ಟರನ್ನು ಹಿಡಿದರೆ ಬಿಡುವುದೇ ಇಲ್ಲ ಅನ್ನುವಷ್ಟು ಬಿಗಿ. ಕಚ್ಚಿಸಿಕೊಂಡವರಿಗೆ ಉಸಿರಾಟದ ಸ್ನಾಯು ನಿಲ್ಲುವುದಕ್ಕೆ ಇದೂ ಒಂದು ಕಾರಣ. ವಿಜ್ಞಾನಿಗಳು ಅದೇ ಬಿಗಿತವನ್ನು ಬಳಸಿಕೊಂಡು, ಅಲ್ಲಿಯವರೆಗೂ ಕೈಗೆ ಸಿಗದಿದ್ದ ಆ ರಿಸೆಪ್ಟರನ್ನು ಹೊರಗೆಳೆದರು. 1973ರಲ್ಲಿ ಶುದ್ಧ ಮಾಡಿದ ಆ ರಿಸೆಪ್ಟರನ್ನು ಮೊಲಗಳಿಗೆ ಚುಚ್ಚಿ ನೋಡಿದರು. ಮೊಲಗಳ ದೇಹ ಅದರ ವಿರುದ್ಧ ಪ್ರತಿಕಾಯ ಮಾಡಿತು, ಸ್ನಾಯುಗಳು ಸೋತುಹೋದವು. ಮಯಸ್ತೇನಿಯಾ ಗ್ರಾವಿಸ್ ಎಂಬ, ಸ್ನಾಯುಗಳು ಸೋಲುವ ಕಾಯಿಲೆ ಮನುಷ್ಯರಲ್ಲಿ ಯಾಕೆ ಬರುತ್ತದೆ ಅನ್ನುವ ಪ್ರಶ್ನೆಗೆ ದೊಡ್ಡ ಸುಳಿವು ಸಿಕ್ಕಿದ್ದು ಹಾಗೆ. ಆ ಕಾಯಿಲೆ ಪತ್ತೆ ಮಾಡುವ ರಕ್ತಪರೀಕ್ಷೆಯಲ್ಲೂ ವಿಕಿರಣದ ಗುರುತು ಹಾಕಿದ ಇದೇ ವಿಷ ಬಳಕೆಗೆ ಬಂತು. ಇಲ್ಲಿ ಗಮನಿಸಿ, ಯಾರೂ ಇದನ್ನು ರೋಗಿಗೆ ಕೊಡಲಿಲ್ಲ. ವೈದ್ಯಕೀಯ ಉಪಯೋಗ ಅಂದರೆ ಔಷಧಿ ಒಂದೇ ಅಲ್ಲ. ನನ್ನ ಪ್ರಕಾರ ವಿಷಗಳ ದೊಡ್ಡ ಕೊಡುಗೆ ಈ ಕಡೆಗೇ ಇದೆ. ಆದರೆ ಇದಕ್ಕೆ ತಲೆಬರಹ ಸಿಗುವುದಿಲ್ಲ.

ಆದ್ದರಿಂದ ಸುದ್ದಿಯಲ್ಲಿ "ಇಂಥ ರಿಸೆಪ್ಟರ್", "ಇಂಥ ಕಿಣ್ವ", "ಇಂಥ ಅಯಾನು ನಾಲೆ" (ಕೋಶದ ಪೊರೆಯಲ್ಲಿ ಅಯಾನುಗಳು ಹಾದುಹೋಗುವ ದಾರಿ) ಎಂದು ಗುರಿಯ ಹೆಸರು ಇದೆಯಾ ನೋಡಿ. "ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ", "ದೇಹವನ್ನು ಶುದ್ಧ ಮಾಡುತ್ತದೆ" ಅಂತ ಇದ್ದರೆ ಅಲ್ಲಿಗೆ ಓದು ನಿಲ್ಲಿಸಬಹುದು.

ಅಳತೆಗೋಲಾಗಿ ಇಟ್ಟುಕೊಳ್ಳಬೇಕಾದ ಕಥೆ: ಕ್ಯಾಪ್ಟೊಪ್ರಿಲ್

ಯಾವ ಹೊಸ ಸುದ್ದಿ ಬಂದರೂ ಇದರ ಪಕ್ಕದಲ್ಲಿಟ್ಟು ನೋಡಿ. ಹಾಗಾಗಿ ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಬ್ರೆಜಿಲ್‌ನಲ್ಲಿ ಜರಾರಾಕಾ ಎಂಬ ಮಂಡಲದ ಹಾವಿದೆ. ಅದು ಕಚ್ಚಿದವರ ರಕ್ತದೊತ್ತಡ ಕುಸಿಯುತ್ತಿತ್ತು. 1940ರ ದಶಕದ ಕೊನೆಯಲ್ಲಿ ಮೌರಿಸಿಯೊ ರೊಶಾ ಇ ಸಿಲ್ವ ಮತ್ತು ಅವರ ಜೊತೆಗಾರರು ಈ ವಿಷವನ್ನು ರಕ್ತದ ಪ್ರೋಟೀನುಗಳ ಜೊತೆ ಸೇರಿಸಿ ನೋಡುತ್ತಿದ್ದಾಗ ರಕ್ತನಾಳ ಸಡಿಲಿಸುವ ಒಂದು ಪದಾರ್ಥ ಹುಟ್ಟುವುದನ್ನು ಕಂಡರು. ಅದಕ್ಕೆ ಬ್ರಾಡಿಕೈನಿನ್ ಎಂದು ಹೆಸರಿಟ್ಟರು. ಈ ಬ್ರಾಡಿಕೈನಿನ್ ವಿಷದ್ದಲ್ಲ, ನಮ್ಮ ದೇಹದ್ದೇ. ವಿಷದ ಕಿಣ್ವ ಅದನ್ನು ಬಿಡಿಸಿ ಹೊರಗೆ ತರುತ್ತದೆ. ಆದರೆ ಅದು ದೇಹದಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ, ಕೂಡಲೇ ಒಡೆದುಹೋಗುತ್ತದೆ. ಹಾಗಿದ್ದರೆ ಹಾವು ಕಚ್ಚಿದಾಗ ಒತ್ತಡ ಅಷ್ಟು ಹೊತ್ತು ಕೆಳಗೇ ಇರುವುದು ಹೇಗೆ? ಅವರ ಶಿಷ್ಯ ಸೆರ್ಜಿಯೊ ಫೆರೇರ ವಿಷದಲ್ಲೇ ಇನ್ನೊಂದು ಭಾಗವನ್ನು ಕಂಡರು, 1965ರಲ್ಲಿ ಪ್ರಕಟಿಸಿದರು. ಅದು ಬ್ರಾಡಿಕೈನಿನ್ ಒಡೆಯದಂತೆ ಕಾಯುತ್ತಿತ್ತು.

ಫೆರೇರ ಆ ಸಾರವನ್ನು ಹಿಡಿದುಕೊಂಡು ಲಂಡನ್ನಿನ ಜಾನ್ ವೇನ್ ಪ್ರಯೋಗಾಲಯಕ್ಕೆ ಹೋದರು. ಅಲ್ಲಿ ಅದು ಇನ್ನೊಂದು ಕಿಣ್ವವನ್ನೂ ತಡೆಯುತ್ತದೆ ಅಂತ ಗೊತ್ತಾಯಿತು. ಅದು ರಕ್ತನಾಳ ಬಿಗಿಯುವ ಆಂಜಿಯೊಟೆನ್ಸಿನ್ ತಯಾರಿಸುವ ಎಸಿಇ ಕಿಣ್ವ. ಬ್ರಾಡಿಕೈನಿನ್ ಒಡೆಯುವುದೂ ಇದೇ ಕಿಣ್ವ ಅಂತ ಆಮೇಲೆ ತಿಳಿಯಿತು. ಅಂದರೆ ಒಂದೇ ಕಿಣ್ವವನ್ನು ಕಟ್ಟಿಹಾಕಿದರೆ ಒತ್ತಡ ಏರಿಸುವುದು ಕಡಿಮೆಯಾಗುತ್ತದೆ, ಇಳಿಸುವುದು ಉಳಿಯುತ್ತದೆ. ಹಾವಿಗೆ ಇದೆಲ್ಲ ಗೊತ್ತಿರಲಿಲ್ಲ ಬಿಡಿ.

ಅಮೆರಿಕದ ಸ್ಕ್ವಿಬ್ ಕಂಪನಿ ಇದರ ಬೆನ್ನು ಹತ್ತಿತು. ವಿಷದಲ್ಲಿದ್ದ ಪೆಪ್ಟೈಡುಗಳಲ್ಲಿ ಒಂಬತ್ತು ಅಮೈನೋ ಆಮ್ಲಗಳ ಟೆಪ್ರೊಟೈಡ್ ಎಂಬುದನ್ನು ಕೃತಕವಾಗಿ ತಯಾರಿಸಿ ಮನುಷ್ಯರಿಗೆ ಕೊಟ್ಟು ನೋಡಿದರು. ಕೆಲಸ ಮಾಡಿತು. ಆದರೆ ನುಂಗಿದರೆ ಪ್ರಯೋಜನವಿಲ್ಲ, ಜೀರ್ಣವಾಗಿಬಿಡುತ್ತದೆ, ಸೂಜಿಯಲ್ಲೇ ಕೊಡಬೇಕು. ಬಿಪಿ ಇರುವವರು ಜೀವನವಿಡೀ ದಿನಾ ಸೂಜಿ ಚುಚ್ಚಿಸಿಕೊಳ್ಳುತ್ತಾರಾ? ಇಲ್ಲಿಗೆ ಕಥೆ ನಿಂತುಹೋಗುವುದರಲ್ಲಿತ್ತು. ಡೇವಿಡ್ ಕುಶ್‌ಮನ್ ಮತ್ತು ಮಿಗೆಲ್ ಒಂಡೆಟ್ಟಿ ಎಂಬ ಇಬ್ಬರು ಆಮೇಲೆ ಬೇರೆ ದಾರಿ ಹಿಡಿದರು. ಪೆಪ್ಟೈಡಿನ ತುದಿಯಲ್ಲಿರುವ ಪ್ರೋಲಿನ್ ಭಾಗ ಕಿಣ್ವದ ಒಳಗೆ ಹೇಗೆ ಕೂರುತ್ತದೆ, ಕಿಣ್ವದ ನಡುವೆ ಇರುವ ಸತುವನ್ನು ಯಾವುದರಿಂದ ಹಿಡಿಯಬಹುದು ಎಂದು ಲೆಕ್ಕ ಹಾಕಿ, ಒಂದು ಪುಟ್ಟ ಅಣುವನ್ನು ಹೊಸದಾಗಿ ಕಟ್ಟಿದರು. ಅದೇ ಕ್ಯಾಪ್ಟೊಪ್ರಿಲ್. ತಯಾರಾಗಿದ್ದು 1975ರಲ್ಲಿ, ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 1981ರಲ್ಲಿ. ಎನಲಾಪ್ರಿಲ್, ಲಿಸಿನೊಪ್ರಿಲ್, ರಾಮಿಪ್ರಿಲ್ ಎಲ್ಲ ಆಮೇಲೆ ಬಂದ ಅದರ ಬಳಗ. ಇವನ್ನು ತೆಗೆದುಕೊಳ್ಳುವ ಕೆಲವರಿಗೆ ಒಣಕೆಮ್ಮು ಬರುತ್ತದಲ್ಲ, ಬ್ರಾಡಿಕೈನಿನ್ ಒಡೆಯದೆ ಉಳಿಯುವುದೇ ಅದಕ್ಕೆ ಮುಖ್ಯ ಕಾರಣ ಇರಬೇಕು ಎನ್ನುತ್ತಾರೆ. ಕೆಮ್ಮು ಬಂತೆಂದು ನೀವೇ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ಬದಲಿ ಮಾತ್ರೆಗಳಿವೆ. ಗರ್ಭಿಣಿಯರಿಗೆ ಮಾತ್ರ ಈ ಬಳಗವೇ ಆಗುವುದಿಲ್ಲ.

ಮೊದಲ ಗುಟ್ಟು ಸಿಕ್ಕಿದಾಗಿನಿಂದ ಮಾತ್ರೆ ಬರುವವರೆಗೆ ಮೂವತ್ತು ವರ್ಷದ ಮೇಲಾಯಿತು. ಬಂದ ಮಾತ್ರೆ ಪ್ರೋಟೀನೂ ಅಲ್ಲ, ಪೆಪ್ಟೈಡೂ ಅಲ್ಲ. ಹಾವು ಕೊಟ್ಟದ್ದು ಒಂದು ಸುಳಿವು ಮಾತ್ರ. ನಾಳೆ ಬರುವ ಸುದ್ದಿಯಲ್ಲಿ "ಇನ್ನು ಎರಡೇ ವರ್ಷದಲ್ಲಿ ಮಾರುಕಟ್ಟೆಗೆ" ಅಂತ ಇದ್ದರೆ ಈ ಲೆಕ್ಕ ನೆನಪಿಸಿಕೊಳ್ಳಿ.

ಇದೇ ದಾರಿಯಲ್ಲಿ ಬಂದ ಇನ್ನೆರಡು ಮದ್ದುಗಳಿವೆ. ಎರಡಕ್ಕೂ 1998ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು, ಎರಡೂ ಹೃದಯಾಘಾತದ ಹೊತ್ತಿನಲ್ಲಿ ಆಸ್ಪತ್ರೆಯೊಳಗೆ ರಕ್ತನಾಳಕ್ಕೆ ಕೊಡುವಂಥವು. ಟೈರೊಫೈಬಾನ್‌ಗೆ ಸುಳಿವು ಕೊಟ್ಟದ್ದು ಗರಗಸ ಮಂಡಲದ ಎಕಿಸ್ಟಾಟಿನ್ ಎಂಬ 49 ಅಮೈನೋ ಆಮ್ಲಗಳ ಡಿಸ್ಇಂಟಿಗ್ರಿನ್. ಅದರಲ್ಲಿ ಕೆಲಸ ಮಾಡುವುದು ಅರ್ಜಿನೀನ್, ಗ್ಲೈಸೀನ್, ಆಸ್ಪಾರ್ಟಿಕ್ ಆಮ್ಲ ಎಂಬ ಮೂರೇ ಮೂರು. ಆ ಮೂರರ ಆಕಾರವನ್ನು ಅನುಕರಿಸುವ ಪುಟ್ಟ ಅಣುವೇ ಟೈರೊಫೈಬಾನ್. ಇನ್ನೊಂದು ಎಪ್ಟಿಫಿಬಟೈಡ್, ಅಮೆರಿಕದ ಪುಟ್ಟ ಬುಡುಬುಡಿಕೆ ಹಾವೊಂದರ ಬಾರ್ಬೊರಿನ್ ಎಂಬ ಪ್ರೋಟೀನಿನಿಂದ. ಬಾರ್ಬೊರಿನ್‌ನಲ್ಲಿ ಆ ಮೂರರಲ್ಲಿ ಮೊದಲನೆಯದು ಅರ್ಜಿನೀನ್ ಅಲ್ಲ, ಲೈಸೀನ್. ಒಂದೇ ಅಮೈನೋ ಆಮ್ಲದ ವ್ಯತ್ಯಾಸ, ಆದರೆ ಅದರಿಂದ ಅದು ದೇಹದ ಬೇರೆ ಅಂಟು ಪ್ರೋಟೀನುಗಳನ್ನು ಬಿಟ್ಟು ಪ್ಲೇಟ್‌ಲೆಟ್ ಮೇಲಿನದನ್ನೇ ಆರಿಸಿ ಹಿಡಿಯುತ್ತದೆ. ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟವಾದ ವಿವರ ಇದು. ಎರಡಕ್ಕೂ ಅಡ್ಡಪರಿಣಾಮ ರಕ್ತಸ್ರಾವವೇ, ಹಾವಿನ ಕೆಲಸವೂ ಅದೇ ತಾನೆ.

ನಿಜವಾದ ವಿಷವನ್ನೇ ಬಳಸುವ ಕಡೆ

ಹಾಗಾದರೆ ವಿಷದ ಪ್ರೋಟೀನನ್ನು ನೇರವಾಗಿ ಎಲ್ಲೂ ಬಳಸುವುದಿಲ್ಲವಾ? ಬಳಸುತ್ತಾರೆ, ಹೆಚ್ಚಾಗಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ಕೊಳಕುಮಂಡಲದ ವಿಷದಲ್ಲಿ ರಕ್ತ ಹೆಪ್ಪುಗಟ್ಟಿಸುವ ಹತ್ತನೆಯ ಅಂಶವನ್ನು ನೇರವಾಗಿ ಎಬ್ಬಿಸುವ ಕಿಣ್ವವಿದೆ. 1934ರಲ್ಲಿ ಮ್ಯಾಕ್‌ಫಾರ್ಲೇನ್ ಮತ್ತು ಬಾರ್ನೆಟ್ ಎಂಬ ಬ್ರಿಟಿಷರಿಬ್ಬರು ಇದೇ ವಿಷವನ್ನು ತುಂಬ ತೆಳುಮಾಡಿ, ಹಿಮೊಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ, ಇರುವವರ ಗಾಯಕ್ಕೆ ಹೊರಗಿನಿಂದ ಹಚ್ಚಿ ರಕ್ತ ನಿಲ್ಲಿಸಬಹುದು ಎಂದು ತೋರಿಸಿದ್ದರು. ಇವತ್ತು ಅದೇ ವಿಷ ಡಿಆರ್‌ವಿವಿಟಿ ಎಂಬ ಪರೀಕ್ಷೆಯಲ್ಲಿದೆ. ಮತ್ತೆ ಮತ್ತೆ ಗರ್ಭಪಾತ ಆಗುವವರಿಗೆ, ಚಿಕ್ಕ ವಯಸ್ಸಿನಲ್ಲೇ ರಕ್ತನಾಳದಲ್ಲಿ ಹೆಪ್ಪುಗಟ್ಟುವವರಿಗೆ ಲೂಪಸ್ ಆಂಟಿಕೋಗ್ಯುಲೆಂಟ್ ಎಂಬ, ರಕ್ತ ಹೆಪ್ಪುಗಟ್ಟುವುದನ್ನು ಏರುಪೇರು ಮಾಡುವ ಪ್ರತಿಕಾಯ ಇದೆಯಾ ಎಂದು ನೋಡಲು ಡಾಕ್ಟರು ಬರೆದುಕೊಡುವ ಪರೀಕ್ಷೆ ಇದು. ಅಂಥ ಲ್ಯಾಬ್ ವರದಿ ನಿಮ್ಮ ಕೈಗೆ ಬಂದಿದ್ದರೆ, ನಿಮ್ಮ ರಕ್ತದ ಮಾದರಿಗೆ ಹಾವಿನ ವಿಷ ಬೆರೆಸಿಯೇ ಅದನ್ನು ಬರೆದಿದ್ದಾರೆ. ನಿಮಗೆ ಬೆರೆಸಿಲ್ಲ, ಗಾಬರಿ ಬೇಡ. ಗರಗಸ ಮಂಡಲದ ಇಕಾರಿನ್ ಎಂಬ ಕಿಣ್ವವನ್ನೂ ಹೀಗೇ ಒಂದು ಹೆಪ್ಪು ಪರೀಕ್ಷೆಗೆ ಬಳಸುತ್ತಾರೆ.

ರೋಗಿಗೇ ಕೊಟ್ಟ ಉದಾಹರಣೆಗಳೂ ಇವೆ. ಬ್ಯಾಟ್ರೊಕ್ಸೊಬಿನ್ ಎಂಬ ಕಿಣ್ವ ದಕ್ಷಿಣ ಅಮೆರಿಕದ ಮಂಡಲದ ಹಾವುಗಳದ್ದು. ರಕ್ತ ಹೆಪ್ಪುಗಟ್ಟಲು ಬೇಕಾದ ಫೈಬ್ರಿನೊಜನ್ ಎಂಬ ಪ್ರೋಟೀನನ್ನು ಕಡಿಮೆ ಮಾಡಲು ಚೀನಾದಂಥ ಕೆಲವು ದೇಶಗಳಲ್ಲಿ ಬಳಕೆಯಲ್ಲಿದೆ. ಮಲಯದ ಗುಳಿಮಂಡಲದ ಆನ್‌ಕ್ರಾಡ್ ಕೂಡ ಇದೇ ಜಾತಿಯ ಕೆಲಸ ಮಾಡುತ್ತದೆ. ಪಾರ್ಶ್ವವಾಯು ಬಡಿದ ಕೂಡಲೇ ಕೊಟ್ಟರೆ ಗುಣ ಕಾಣುತ್ತದೆ ಎಂದು 2000ದಲ್ಲಿ ಪ್ರಕಟವಾದ ಪ್ರಯೋಗವೊಂದು ಹೇಳಿತು, ಆಸೆ ಹುಟ್ಟಿತು. ಮುಂದಿನ ಯುರೋಪಿನ ದೊಡ್ಡ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ, ಮೆದುಳಿನ ರಕ್ತಸ್ರಾವ ಜಾಸ್ತಿಯಾಯಿತು. ಒಂದು ಪ್ರಯೋಗ ಗೆದ್ದ ಮಾತ್ರಕ್ಕೆ ಮದ್ದು ಗೆಲ್ಲುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಪರೀಕ್ಷೆ ಮಾಡಿದ್ದು ಯಾರ ಮೇಲೆ

ಸುದ್ದಿಗಳು ಅತಿ ಹೆಚ್ಚು ದಾರಿ ತಪ್ಪಿಸುವುದು ಇಲ್ಲೇ. ಗಾಜಿನ ತಟ್ಟೆಯ ಕೋಶ, ಇಲಿ, ಕೆಲವೇ ಆರೋಗ್ಯವಂತರು, ರೋಗಿಗಳ ಸಣ್ಣ ಗುಂಪು, ರೋಗಿಗಳ ದೊಡ್ಡ ಗುಂಪು. ಹೀಗೆ ಮೆಟ್ಟಿಲುಗಳಿವೆ. ತಲೆಬರಹದಲ್ಲಿ ಎಲ್ಲವೂ "ವಾಸಿ" ಎಂದೇ ಇರುತ್ತದೆ.

ಕ್ಯಾನ್ಸರ್ ಸುದ್ದಿಯನ್ನೇ ತೆಗೆದುಕೊಳ್ಳಿ. ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳನ್ನು ನಾಗರಹಾವಿನ ವಿಷ ಕೊಲ್ಲುತ್ತದೆ, ಸುಳ್ಳಲ್ಲ. ಅದರಲ್ಲಿರುವ ಸೈಟೊಟಾಕ್ಸಿನ್ ಕೋಶದ ಪೊರೆಯನ್ನೇ ಒಡೆಯುತ್ತದೆ. ಆದರೆ ಆರೋಗ್ಯವಂತ ಕೋಶಕ್ಕೂ ಅದೇ ಪೊರೆ ಇದೆ! ಬ್ಲೀಚ್ ಹಾಕಿದರೂ ಆ ತಟ್ಟೆಯ ಕೋಶಗಳು ಸಾಯುತ್ತವೆ. ಕೊಲ್ಲುವುದು ದೊಡ್ಡದಲ್ಲ, ಆರಿಸಿ ಕೊಲ್ಲಬೇಕು. ಆದ್ದರಿಂದ ಕ್ಯಾನ್ಸರ್ ಎಂದು ಕಂಡಾಗ ಒಂದು ಸಾಲು ಹುಡುಕಿ: ಅದೇ ಪ್ರಮಾಣದಲ್ಲಿ ಸಾಮಾನ್ಯ ಕೋಶಗಳಿಗೆ ಏನಾಯಿತು? ಆ ಸಾಲು ಇಲ್ಲದ ವರದಿಯಿಂದ ಏನೂ ಗೊತ್ತಾಗುವುದಿಲ್ಲ.

ಇಲಿಯ ಮೆಟ್ಟಿಲಿಗೆ ಮಾಂಬಾಲ್ಜಿನ್ ಒಳ್ಳೆಯ ಉದಾಹರಣೆ. ಕಪ್ಪು ಮಾಂಬಾದ ವಿಷದಲ್ಲಿ ಸಿಕ್ಕ 57 ಅಮೈನೋ ಆಮ್ಲಗಳ ತ್ರಿಬೆರಳು ಪೆಪ್ಟೈಡ್ ಇದು. ಫ್ರಾನ್ಸಿನ ತಂಡವೊಂದು 2012ರಲ್ಲಿ ಪ್ರಕಟಿಸಿತು. ಆಮ್ಲಕ್ಕೆ ಸ್ಪಂದಿಸುವ ಅಯಾನು ನಾಲೆಗಳನ್ನು ಮುಚ್ಚಿ ಇಲಿಗಳಲ್ಲಿ ಮಾರ್ಫಿನ್‌ನಷ್ಟೇ ನೋವು ಇಳಿಸಿತು. ಮಾರ್ಫಿನ್ ಹಿಡಿಯುವ ರಿಸೆಪ್ಟರನ್ನು ಇದು ಮುಟ್ಟುವುದಿಲ್ಲ, ಉಸಿರಾಟವನ್ನೂ ಕುಗ್ಗಿಸಲಿಲ್ಲ. ಕೆಲಸ ಅಚ್ಚುಕಟ್ಟು, ಗುರಿ ಸ್ಪಷ್ಟ, ನನಗೂ ಇದರ ಮೇಲೆ ಆಸೆಯಿದೆ. ಆದರೂ ಅದು ಔಷಧಿ ಅಂಗಡಿಗೆ ಬಂದಿಲ್ಲ. ಇಂಥ ಸುದ್ದಿಯನ್ನು ಹಂಚುವಾಗ "ಇಲಿಗಳಲ್ಲಿ" ಅಂತ ಒಂದು ಪದ ಸೇರಿಸಿದರೆ ಸಾಕು, ಸುದ್ದಿ ಸರಿಯಾಗುತ್ತದೆ.

2021ರಲ್ಲಿ ಬ್ರೆಜಿಲ್‌ನಿಂದ ಬಂದದ್ದನ್ನೂ ನೋಡಿ. ಜರಾರಾಕುಸ್ಸು ಎಂಬ ಹಾವಿನ ವಿಷದ ಪ್ರೋಟೀನೊಂದರ ತುಣುಕು ಕೊರೊನಾ ವೈರಸ್ ಹೆಚ್ಚುವುದನ್ನು ಶೇ. 75ರಷ್ಟು ತಡೆಯಿತು ಎಂದು ಲೋಕವೆಲ್ಲ ಹಬ್ಬಿತು. ತಡೆದದ್ದು ಎಲ್ಲಿ? ತಟ್ಟೆಯಲ್ಲಿ ಬೆಳೆಸಿದ ಮಂಗನ ಕೋಶಗಳಲ್ಲಿ. ನಾಲ್ಕೂ ಪ್ರಶ್ನೆ ಕೇಳಿ ನೋಡಿ. ಹಾವು ಗೊತ್ತು, ಅಣು ಗೊತ್ತು, ಹಿಡಿಯುವುದು ವೈರಸ್ಸಿನ ಒಂದು ಕಿಣ್ವವನ್ನು ಎಂಬುದೂ ಗೊತ್ತು. ಪರೀಕ್ಷೆ ಮಾತ್ರ ತೀರಾ ಮೊದಲ ಮೆಟ್ಟಿಲಿನದು. ಆ ತುಣುಕನ್ನು ಲ್ಯಾಬಿನಲ್ಲೇ ತಯಾರಿಸಬಹುದು, ಹಾವೇ ಬೇಡ. ಜನ ಹಾವು ಹಿಡಿಯಲು ಕಾಡಿಗೆ ನುಗ್ಗಿಯಾರು ಎಂದು ಅಲ್ಲಿನ ತಜ್ಞರೇ ಎಚ್ಚರಿಕೆ ಕೊಡಬೇಕಾಯಿತು. ತಲೆಬರಹ ಎಲ್ಲಿಯವರೆಗೆ ಹೋಗಬಹುದು ನೋಡಿ.

ಸೀಸೆಯೊಳಗೆ ಏನಿದೆ

ಮಾರುವವರು ಬಂದಾಗ ಕೇಳಬೇಕಾದ ಪ್ರಶ್ನೆ ಇದು. "ಹಾವಿನ ವಿಷದ ಕ್ರೀಮ್" ಎಂದು ಸುಕ್ಕು ಹೋಗಲು ಮಾರುತ್ತಾರೆ. ಅವುಗಳಲ್ಲಿ ಬಹಳಷ್ಟರಲ್ಲಿ ಇರುವುದು ಸಿನ್-ಏಕ್ ಎಂಬ ಕೃತಕ ಪೆಪ್ಟೈಡ್. ದೇವಾಲಯ ಮಂಡಲ ಎಂದು ಕರೆಯುವ ಆಗ್ನೇಯ ಏಷ್ಯಾದ ಹಾವಿನ ವ್ಯಾಗ್ಲೆರಿನ್ ಎಂಬ ವಿಷವನ್ನು ನೋಡಿ ಮಾಡಿದ್ದು. ವಿಷ ಅದರಲ್ಲಿಲ್ಲ, ಅದು ಒಳ್ಳೆಯದೇ. ಆದರೆ ಡಬ್ಬಿಯ ಮೇಲಿನ ಹಾವಿನ ಚಿತ್ರಕ್ಕೆ ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ.

ನಿಜವಾದ ವಿಷ ಎಂದು ಹೇಳಿ ಕುಡಿಯಲು, ನಾಲಿಗೆ ಕೆಳಗೆ ಇಟ್ಟುಕೊಳ್ಳಲು, ಚುಚ್ಚಿಕೊಳ್ಳಲು ಕೊಡುವವರ ಹತ್ತಿರವೂ ಹೋಗಬೇಡಿ. ಹೊಟ್ಟೆಗೆ ಹೋದ ವಿಷದ ಪ್ರೋಟೀನು ಸಾಮಾನ್ಯವಾಗಿ ಜೀರ್ಣವಾಗುತ್ತದೆ, ಅಂದರೆ ಔಷಧಿಯಾಗಿ ಉಪಯೋಗವಿಲ್ಲ. ಬಾಯಲ್ಲಿ ಹುಣ್ಣೋ ಗಾಯವೋ ಇದ್ದರೆ ರಕ್ತಕ್ಕೆ ಸೇರುತ್ತದೆ, ಆಗ ಅದು ಪ್ರಾಣಕ್ಕೇ ಬರುತ್ತದೆ. ಯಾವ ಹಾವಿನದು, ಎಷ್ಟು ಪ್ರಮಾಣ, ಯಾವಾಗ ತೆಗೆದದ್ದು ಏನೂ ಗೊತ್ತಿಲ್ಲದ ದ್ರವಕ್ಕೆ ಇಷ್ಟು ಪ್ರಮಾಣ ಸಾಕು ಎಂದು ಹೇಳಬಲ್ಲವರು ಯಾರೂ ಇಲ್ಲ. ಅಲರ್ಜಿಯ ಅಪಾಯ ಬೇರೆ.

ಪ್ರತಿವಿಷವನ್ನೂ ಜನ ಇದರೊಳಗೆ ಬೆರೆಸುತ್ತಾರೆ. ಅದು ವಿಷದಿಂದ ಮಾಡಿದ ಔಷಧಿ ಅಲ್ಲ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ತೆಗೆದು ಶುದ್ಧ ಮಾಡಿದ್ದು. 1890ರ ದಶಕದ ಈ ಉಪಾಯವೇ ಇವತ್ತಿಗೂ ನಡೆಯುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಹಾವು ಕಡಿತದಿಂದ ವರ್ಷಕ್ಕೆ 81,000ದಿಂದ 1,38,000 ಜನ ಸಾಯುತ್ತಾರೆ. ವಿಷದ ಪ್ರೋಟೀನುಗಳನ್ನು ಒಂದೊಂದಾಗಿ ತಿಳಿಯುವುದರಿಂದ ಮೊದಲು ಲಾಭವಾಗಬೇಕಾದದ್ದು ಇವರಿಗೇ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಸುಕ್ಕಿನ ಕ್ರೀಮು ಆಮೇಲೆ ನೋಡೋಣ. ಕಚ್ಚಿದರೆ ಮಾಡಬೇಕಾದ್ದು ಒಂದೇ: ಕೈಕಾಲು ಅಲುಗಿಸದೆ ಬೇಗ ಆಸ್ಪತ್ರೆಗೆ ಹೋಗುವುದು. ಕೊಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಬೇಡ.

ನೀವೇ ಹುಡುಕಿ ನೋಡುವುದು

ಇದಕ್ಕೆ ವಿಜ್ಞಾನ ಓದಿರಬೇಕು ಅಂತಿಲ್ಲ. ಅಣುವಿನ ಹೆಸರು ಸಿಕ್ಕಿದ ಮೇಲೆ ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಯೂನಿಪ್ರಾಟ್ ಎಂಬ ಉಚಿತ ತಾಣದಲ್ಲಿ ಹಾಕಿ. ಯಾವ ಹಾವು, ಎಷ್ಟು ಅಮೈನೋ ಆಮ್ಲ, ಏನು ಕೆಲಸ, ಎಲ್ಲ ಒಂದೇ ಪುಟದಲ್ಲಿ ಬರುತ್ತದೆ. ಆ ಪುಟದಲ್ಲಿ ಕೆಲಸದ ವಿವರ ಮೊದಲು ಓದಿ, ಉಳಿದದ್ದರಲ್ಲಿ ಕಳೆದುಹೋಗಬೇಡಿ. ಆಮೇಲೆ ಅದೇ ಹೆಸರನ್ನು ವೈದ್ಯಕೀಯ ಪ್ರಬಂಧಗಳ ತಾಣವಾದ ಪಬ್‌ಮೆಡ್‌ನಲ್ಲಿ ಹಾಕಿ ಮೂಲ ಪ್ರಬಂಧದ ಸಾರಾಂಶ ತೆಗೆಯಿರಿ. ಸಾರಾಂಶ ಉಚಿತ, ಒಂದು ಪ್ಯಾರಾ ಅಷ್ಟೇ. ಅದರಲ್ಲಿ ಕಣ್ಣು ಹಾಕಬೇಕಾದ್ದು ಕೋಶಗಳಲ್ಲಾ, ಇಲಿಗಳಲ್ಲಾ, ರೋಗಿಗಳಲ್ಲಾ ಎಂಬ ಮಾತಿಗೆ. ಪ್ರಮಾಣ ನ್ಯಾನೊಮೋಲಾರ್ ಎಂದಿದ್ದರೆ ತುಂಬ ಕಡಿಮೆಯಲ್ಲೇ ಕೆಲಸ ಮಾಡಿದೆ, ಗುರಿ ಬಿಗಿಯಾಗಿದೆ ಎಂದು ತಿಳಿಯಿರಿ. ನೂರಾರು ಮೈಕ್ರೊಮೋಲಾರ್ ಎಂದಿದ್ದರೆ ಆಸೆ ಸ್ವಲ್ಪ ಕಡಿಮೆ ಮಾಡಿಕೊಳ್ಳಿ, ಅಷ್ಟನ್ನು ಮನುಷ್ಯರ ರಕ್ತದಲ್ಲಿ ಸುರಕ್ಷಿತವಾಗಿ ಉಳಿಸುವುದು ಸಾಮಾನ್ಯವಾಗಿ ಕಷ್ಟ.

ಮನುಷ್ಯರ ಮೇಲಿನ ಪ್ರಯೋಗ ನಡೆಯುತ್ತಿದೆ ಎಂದು ಯಾರಾದರೂ ಹೇಳಿದರೆ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ತಾಣದಲ್ಲಿ ಅದೇ ಹೆಸರು ಹಾಕಿ. ನೋಂದಣಿ ಸಂಖ್ಯೆ, ಎಷ್ಟನೇ ಹಂತ, ಎಷ್ಟು ಜನ, ಮುಗಿದಿದೆಯಾ ನಿಂತಿದೆಯಾ ಎಲ್ಲ ಅಲ್ಲಿರುತ್ತದೆ. ಮೊದಲ ಹಂತ ಅಂದರೆ ನೋಡುತ್ತಿರುವುದು ಮುಖ್ಯವಾಗಿ ಸುರಕ್ಷತೆ, ಗುಣವಾಗುತ್ತದೆ ಎಂದಲ್ಲ. "ನಿಲ್ಲಿಸಲಾಗಿದೆ" ಅಂತ ಕಂಡರೆ ಕಾರಣ ಓದಿ. ಕೆಲವೊಮ್ಮೆ ಮದ್ದು ಸೋತಿರುತ್ತದೆ, ಕೆಲವೊಮ್ಮೆ ಕಂಪನಿಯ ದುಡ್ಡು ಮುಗಿದಿರುತ್ತದೆ, ಎರಡೂ ಒಂದೇ ಅಲ್ಲ. ಎಲ್ಲ ಪ್ರಯೋಗಗಳೂ ಈ ಒಂದೇ ತಾಣದಲ್ಲಿ ಇರಬೇಕೆಂದಿಲ್ಲ, ಬೇರೆ ದೇಶಗಳಿಗೆ ಅವರದ್ದೇ ಪಟ್ಟಿಗಳಿವೆ. ಅಲ್ಲೂ ಸಿಗದಿದ್ದರೆ ಹೇಳಿದವರನ್ನೇ ನೋಂದಣಿ ಸಂಖ್ಯೆ ಕೇಳಿ.

ಹಾವುಗಳನ್ನು ಹಿಂಡಿ ಹಿಂಡಿ ಮುಗಿಸಿಬಿಡುತ್ತಾರೇನೋ ಅನ್ನುವ ಚಿಂತೆ ಇರುವವರಿಗೆ ಒಂದು ಮಾತು. ಈಗ ಹೆಚ್ಚಿನ ಹುಡುಕಾಟಕ್ಕೆ ಜೀನಿನ ಅಕ್ಷರಗಳು ಸಿಕ್ಕಿದರೆ ಸಾಕು. ಪ್ರೋಟೀನನ್ನು ಬ್ಯಾಕ್ಟೀರಿಯಾದಲ್ಲೋ ಯೀಸ್ಟಿನಲ್ಲೋ ಮಾಡಿಸಬಹುದು, ಚಿಕ್ಕದಾದರೆ ಯಂತ್ರದಲ್ಲೇ ಜೋಡಿಸಬಹುದು. 2020ರಲ್ಲಿ ನೆದರ್‌ಲ್ಯಾಂಡ್ಸ್‌ನ ಹಾನ್ಸ್ ಕ್ಲೆವರ್ಸ್ ಅವರ ಪ್ರಯೋಗಾಲಯ ಹಾವಿನ ವಿಷಗ್ರಂಥಿಯ ಪುಟ್ಟ ಮಾದರಿಗಳನ್ನೇ ತಟ್ಟೆಯಲ್ಲಿ ಬೆಳೆಸಿತು, ಅವು ನಿಜವಾದ ವಿಷವನ್ನೇ ಸುರಿಸಿದವು. ಮುಂದಿನ ಸುದ್ದಿಯಲ್ಲಿ ಇಂಥ ಗ್ರಂಥಿಯ ಹೆಸರು ಬಂದರೂ ಕೇಳಬೇಕಾದ್ದು ಅದೇ ನಾಲ್ಕು ಪ್ರಶ್ನೆ.